ಯಾರ ಮನೆಯದೂ ಅಲ್ಲದ ಮೇಜು

ಚಳಿ ಆಗಷ್ಟೇ ಕಾಲಿಟ್ಟಿದ್ದ ದಿನಗಳು, ಬೀದಿದೀಪ ಹತ್ತುವ ಹೊತ್ತು. ಬಸ್‌ಸ್ಟಾಪಿನ ಸಿಮೆಂಟು ಬೆಂಚಿನ ಈ ತುದಿಯಲ್ಲಿ ಟೈಲರಮ್ಮ ಕೂತಿದ್ದಳು, ಆ ತುದಿಯಲ್ಲಿ ಅವಳ ಒಡಹುಟ್ಟಿದ ತಂಗಿ. ತಂಗಿಯ ಮನೆ ರಸ್ತೆಯಾಚೆಯ ಗಲ್ಲಿಯಲ್ಲೇ; ಕೆಲಸ ಮುಗಿಸಿ ಬಸ್ಸಿಳಿದವಳು ಅಕ್ಕನನ್ನು ಕಂಡು ಮನೆಗೆ ಹೋಗದೆ ಕೂತಿದ್ದಳು. ನಡುವೆ ಮೂರನೆಯವರು ಕೂರುವಷ್ಟು ಜಾಗವಿತ್ತು. ಬಂದವರೆಲ್ಲ ಇಬ್ಬರ ಮುಖ ನೋಡಿ ನಿಂತೇ ಇದ್ದರು. ಬಸ್ಸು ಬರಲಿಲ್ಲ, ಗಾಳಿ ಬಂತು. ತಂಗಿಗೆ ಕೆಮ್ಮು ಹತ್ತಿತು, ಚಿಕ್ಕಂದಿನಿಂದ ಅವಳ ಬೆನ್ನು ಬಿಡದ ಅದೇ ಒಣಕೆಮ್ಮು. ಟೈಲರಮ್ಮ ರಸ್ತೆ ನೋಡುತ್ತಲೇ, "ಶಾಲು ತರೋಕೇನಾಗಿತ್ತು," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

"ಮರೆತೆ," ಎಂದಳು ತಂಗಿ. ಅವಳೂ ರಸ್ತೆಗೇ ಹೇಳಿದಳು.

ವರ್ಷಗಳ ಮೇಲೆ ಅವರಿಬ್ಬರ ನಡುವೆ ಹಾದುಹೋದ ಮೊದಲ ಮಾತು ಅದು.

ಬೆಂಚಿನ ಬೆನ್ನಿಗೇ ಚೈನೀಸ್ ಹೋಟೆಲು. ಬಾಗಿಲಿನ ಕೆಂಪು ಬಣ್ಣ ಸಿಪ್ಪೆ ಎದ್ದಿತ್ತು, ಗಾಜಿಗೆಲ್ಲ ಹಬೆ ಹಿಡಿದಿತ್ತು. ಯಜಮಾನಿ ಕೆಮ್ಮಿನ ಸದ್ದು ಕೇಳಿ ಹೊರಗೆ ಇಣುಕಿದಳು. ಅವಳ ಅಜ್ಜನ ಕಾಲಕ್ಕೆ ಸಮುದ್ರ ದಾಟಿ ಬಂದ ಮನೆತನ ಅದು. ಅವಳು ಹುಟ್ಟಿದ್ದು ಮಾತ್ರ ಅದೇ ಹೋಟೆಲಿನ ಮೇಲಿನ ಕೋಣೆಯಲ್ಲಿ. ಹಾಗಾಗಿ ಅವಳ ಬಾಯಲ್ಲಿ ಬರುವ ಬೈಗುಳವೆಲ್ಲ ಈ ಬೀದಿಯದೇ.

"ಒಳಗೆ ಬನ್ನಿ, ಸೂಪು ಬಿಸಿ ಇದೆ. ಬಸ್ಸು ಬಂದ್ರೆ ನಾನು ಕೂಗ್ತೀನಿ. ಆ ದರಿದ್ರ ಬಸ್ಸು ನಂಬ್ಕೊಂಡು ಕೂತ್ರೆ ನಿಮ್ಮ ಮೂಳೆ ಮಾತ್ರ ಮನೆಗೆ ಹೋಗತ್ತೆ."

ತಂಗಿ ಎದ್ದಳು. ಟೈಲರಮ್ಮ ಸ್ವಲ್ಪ ತಡೆದು ಎದ್ದಳು. ಖಾಲಿ ಇದ್ದದ್ದು ಮೂಲೆಯ ಚಿಕ್ಕ ಮೇಜು ಒಂದೇ. ಬೇರೆ ಬೇರೆ ಕೂರೋಣವೆಂದರೆ ಜಾಗವಿರಲಿಲ್ಲ.

ಅವರ ಜಗಳದ ಕತೆ ಬಹಳ ದೊಡ್ಡದಲ್ಲ. ತಂಗಿಯ ಮಗಳ ಮದುವೆ ಗೊತ್ತಾದಾಗ ಟೈಲರಮ್ಮ ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಅವರ ಮನೆಗೆ ಹೋಗಿದ್ದಳು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಅವಳ ಮೈಮೇಲಿನ ಪ್ರತಿ ಬಟ್ಟೆಯನ್ನೂ ಹೊಲಿದುಕೊಟ್ಟವಳು ದೊಡ್ಡಮ್ಮನೇ. ಆದರೆ ಹುಡುಗಿ ದೊಡ್ಡ ಅಂಗಡಿಯ ಸಿದ್ಧ ಉಡುಪು ತಂದಾಗಿತ್ತು. ಅದನ್ನು ನೆಂಟರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. ಯಾರೋ ಅದನ್ನು ಟೈಲರಮ್ಮನ ಕೈಗೂ ಕೊಟ್ಟು, "ಹೊಲಿಗೆ ನೋಡಿ ಹೇಗಿದೆ," ಎಂದರು. ಅವಳು ಮಡಿಸಿ ಕೆಳಗಿಟ್ಟಳು. ಬಾಗಿಲು ದಾಟಿ, ಮೆಟ್ಟಿಲಿಳಿದು, ಗಲ್ಲಿಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇನ್ನು ಈ ಹೊಸಿಲು ತುಳಿಯಲ್ಲ, ಈ ಮನೆ ನೀರು ಮುಟ್ಟಲ್ಲ." ಹೇಳಿದ ಕೂಡಲೇ ಯಾರಾದರೂ ಬಂದು ಕೈ ಹಿಡಿದು ಒಳಗೆ ಎಳೆದಿದ್ದರೆ ಅವಳು ಹೋಗುತ್ತಿದ್ದಳು. ಯಾರೂ ಬರಲಿಲ್ಲ. ತಂಗಿ ಒಳಗೆ ಅಳುತ್ತಿದ್ದಳು. ಅದು ಹೊರಗೆ ಕಾಣಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮದುವೆಗೆ ಟೈಲರಮ್ಮ ಹೋಗಲಿಲ್ಲ. ಅಕ್ಕ ಕರೆಯದೆ ಅವಳ ಮನೆಗೆ ಹೋಗಲು ತಂಗಿಗೂ ಧೈರ್ಯವಾಗಲಿಲ್ಲ.

ಆ ಸಂಜೆ ಒಂದು ಬಟ್ಟಲು ಸೂಪನ್ನು ಯಜಮಾನಿಯೇ ಎರಡು ಮಾಡಿ ತಂದಿಟ್ಟಳು. ಗಾಜಿನ ಜಗ್ಗಿನಿಂದ ಇಬ್ಬರ ಲೋಟಕ್ಕೂ ನೀರು ಬಗ್ಗಿಸಿದಳು. ಟೈಲರಮ್ಮ ಲೋಟವನ್ನು ಒಂದು ಗಳಿಗೆ ನೋಡಿದಳು. ಇದು ತಂಗಿಯ ಮನೆಯ ನೀರಲ್ಲ, ತನ್ನ ಮನೆಯದೂ ಅಲ್ಲ. ಗಟಗಟ ಕುಡಿದಳು.

ಅಲ್ಲಿಂದಾಚೆಗೆ ಗುರುವಾರವೆಂದರೆ ಅದೇ ಆಯಿತು. ಟೈಲರಮ್ಮ ಹೊಲಿದ ಬಟ್ಟೆಗಳನ್ನು ಅಂಗಡಿಗೆ ಮುಟ್ಟಿಸಿ ಬರುವ ದಿನ ಅದು; ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಕೆಲಸ ಮುಗಿಸಿ ಬರುವುದೂ ಅದೇ ಹೊತ್ತಿಗೆ. ಒಂದು ತಟ್ಟೆ ನೂಡಲ್ಸು, ಒಂದು ಸೂಪು, ಆಮೇಲೆ ಹಾಲಿಲ್ಲದ ಚಹಾ. ತಂಗಿ ಎಂದಿನ ಹಾಗೆ ಕ್ಯಾರೆಟ್ಟು ಆರಿಸಿ ಅಕ್ಕನ ಕಡೆ ತಳ್ಳುವಳು. ಅಕ್ಕ, "ಅರವತ್ತು ಹತ್ತಿರ ಬಂತು ಪುಟ್ಟಿ, ಇನ್ನೂ ಕ್ಯಾರೆಟ್ಟು ತಿನ್ನೋಕೆ ಕಲೀಲಿಲ್ಲ," ಎಂದು ತಿನ್ನುವಳು. ಮೊಣಕಾಲು ನೋವು, ಮೇಲ್ವಿಚಾರಕಿಯ ಕಾಟ, ನೆರೆಮನೆಯ ನಾಯಿ, ಎಲ್ಲ ಮಾತಾಡಿದರು. ಮದುವೆಯ ಮಾತು ಮಾತ್ರ ಆಡಲಿಲ್ಲ. ಹುಡುಗಿಗೆ ಮಗುವಾದದ್ದನ್ನು ತಂಗಿ ಹೇಳಿದಾಗ ಟೈಲರಮ್ಮ, "ಹೂಂ," ಎಂದು ಚಹಾ ಆರಿಸಿದಳು. ಸ್ವಲ್ಪ ಹೊತ್ತಾದ ಮೇಲೆ, "ಮಗು ಬಣ್ಣ ಯಾರದ್ದು?" ಎಂದು ಕೇಳಿದಳು.

"ಕೋಪ ಮಾತ್ರ ನಿನ್ನದು," ಎಂದಳು ತಂಗಿ.

ಯಜಮಾನಿಗೆ ಇವರಿಬ್ಬರೂ ಒಗಟು. "ಅಲ್ರೀ, ನಿಮ್ಮಿಬ್ಬರ ಮನೇಲೂ ಒಲೆ ಇಲ್ವಾ?" ಎಂದು ಒಮ್ಮೆ ಕೇಳಿದಳು.

"ಒಲೆ ಇದೆ. ಹೊಗೆ ಜಾಸ್ತಿ," ಎಂದಳು ಟೈಲರಮ್ಮ. ತಂಗಿಗೆ ನಕ್ಕು ನಕ್ಕು ಕೆಮ್ಮು ಬಂತು.

ಹೀಗೆ ಎಷ್ಟೋ ಗುರುವಾರಗಳು ಕಳೆದವು. ಬೇಸಿಗೆ ಇಳಿಯುತ್ತಿದ್ದ ಒಂದು ಗುರುವಾರ ತಂಗಿ ನೂಡಲ್ಸು ಮುಟ್ಟದೆ ಕೂತಳು. ಅವಳ ಗಂಡ ಬಸ್ ಡ್ರೈವರು. ಒಂದೊಂದು ಮಾತಿಗೂ ನಿಂತು ನಿಂತು ಹೊರಡುವ ಮನುಷ್ಯನಾದ್ದರಿಂದ ಎಲ್ಲರೂ ಅವನನ್ನು ಬ್ರೇಕಣ್ಣ ಎನ್ನುತ್ತಿದ್ದರು. ಅವನಿಗೆ ನಿವೃತ್ತಿಯಾಗಿತ್ತು.

"ಮಗಳು ಕರೀತಿದಾಳೆ ಅಕ್ಕ. ಮಗು ನೋಡ್ಕೊಳ್ಳೋಕೆ ಜನ ಬೇಕು. ಮನೆ ಬಿಟ್ಟುಕೊಡ್ತಾ ಇದೀವಿ. ಸೋಮವಾರ ಲಾರಿ ಬರತ್ತೆ."

"ಯಾವ ಸೋಮವಾರ?"

"ಇದೇ ಸೋಮವಾರ. ಹೇಳೋಕೆ ಬಾಯಿ ಬರಲಿಲ್ಲ ಇಷ್ಟು ದಿನ."

ಟೈಲರಮ್ಮ ತಟ್ಟೆಯಲ್ಲಿದ್ದ ಕ್ಯಾರೆಟ್ಟನ್ನು ಒಂದು ಕಡೆಗೆ ಗುಡ್ಡೆ ಮಾಡಿದಳು. "ಒಳ್ಳೇದೇ ಆಯ್ತು. ಆ ಒಗೆಯೋ ಕೆಲಸದಿಂದ ನಿನ್ನ ಕೈ ನೋಡು ಹೇಗಾಗಿದೆ."

"ಭಾನುವಾರ ಮಧ್ಯಾಹ್ನ ಮನೆ ಹತ್ರ ಬಾ ಅಕ್ಕ. ಹೊಸಿಲು ತುಳಿಯೋದು ಬೇಡ, ನೀರು ಕುಡಿಯೋದೂ ಬೇಡ. ಸುಮ್ಮನೆ ಬಾ."

"ಹೊಸಿಲು ತುಳಿಯದೆ, ನೀರು ಕುಡಿಯದೆ ಬಂದು ಹೋಗೋಕೆ ನಾನೇನು ಪೋಸ್ಟ್‌ಮ್ಯಾನಾ? ನೀನೇ ಇಲ್ಲಿಗೆ ಬಾ. ಭಾನುವಾರವೂ ಹೋಟೆಲು ತೆಗೆದಿರತ್ತೆ."

"ಬಾ ಅಕ್ಕ."

"ನೋಡೋಣ," ಎಂದಳು ಟೈಲರಮ್ಮ. ತಾನು ಬೇಡವೆಂದಂತೆ ಅವಳಿಗೆ ಅನಿಸಿತು. ತಂಗಿಗೆ ಅದು ಒಪ್ಪಿದಂತೆ ಕೇಳಿಸಿತು.

ಭಾನುವಾರ ಮಧ್ಯಾಹ್ನ ಟೈಲರಮ್ಮ ಒಗೆದ ಬಟ್ಟೆ ಉಟ್ಟು, ಬಸ್ಸು ಹತ್ತಿ, ಹೋಟೆಲಿಗೆ ಬಂದಳು. ಮೂಲೆಗೆ ಹೋದವಳು ಅಲ್ಲೇ ನಿಂತಳು. ಎರಡು ಕುರ್ಚಿಯೂ ಇಲ್ಲ, ಮೇಜೂ ಇಲ್ಲ. ನೆಲದ ಮೇಲೆ ಕಾಲೂರಿದ್ದ ಕಡೆ ನಾಲ್ಕು ಬಿಳಿ ಗುರುತು ಮಾತ್ರ ಉಳಿದಿತ್ತು.

ಯಜಮಾನಿ ಗಲ್ಲಾದ ಹಿಂದೆ ಬೀನ್ಸ್ ಸೋಸುತ್ತಿದ್ದಳು. ಅವಳ ಕೈ ನಿಂತಿತು. "ನೀವ್ಯಾಕೆ ಇಲ್ಲಿಗೆ ಬಂದ್ರಿ?"

"ನಮ್ಮ ಮೇಜೆಲ್ಲಿ?"

"ನಿಮ್ಮ ತಂಗಿ ಮನೆಗೆ ಹೋಯ್ತು."

"ನಡ್ಕೊಂಡು ಹೋಯ್ತಾ?"

"ನನ್ನ ಮಗ ತಲೆ ಮೇಲೆ ಹೊತ್ಕೊಂಡು ಹೋದ. ಮೇಜು, ಕುರ್ಚಿ, ತಟ್ಟೆ, ಲೋಟ, ಸೂಪು, ನೂಡಲ್ಸು. ನೀರಿನ ಜಗ್ಗೂ ಇಲ್ಲೇ ತುಂಬಿಸ್ಕೊಂಡು ಹೋದ. ಮನೆ ಒಳಗಲ್ಲ, ಮೆಟ್ಟಿಲ ಕೆಳಗೆ, ಗಲ್ಲೀಲಿ ಹಾಕಿಸಿದಾಳೆ. 'ಅಕ್ಕ ಹೊಸಿಲು ತುಳಿಯಲ್ಲ, ನಮ್ಮನೆ ನೀರು ಮುಟ್ಟಲ್ಲ. ಹೋಟೆಲೇ ಬಾಗಿಲಿಗೆ ಬಂದ್ರೆ ಅವಳ ಮಾತೂ ಉಳಿಯತ್ತೆ, ನಾನೂ ಅವಳಿಗೆ ಬಡಿಸ್ದಂಗೆ ಆಗತ್ತೆ' ಅಂದಳು. ಇಷ್ಟು ವರ್ಷ ನಿಮ್ಮ ಒಲೆ ಹೊಗೆ ಏನು ಅಂತ ನಂಗೆ ಗೊತ್ತಾಗಿದ್ದು ನಿನ್ನೆ."

ಟೈಲರಮ್ಮನಿಗೆ ಮೊದಲು ಬಂದದ್ದು ನಗು. ಪುಟ್ಟಿಯ ಬುದ್ಧಿಯೇ ಅಂಥದು. ಅಮ್ಮ ಸಕ್ಕರೆ ಡಬ್ಬಿ ಮುಟ್ಟಬೇಡವೆಂದರೆ ಡಬ್ಬಿ ಮುಟ್ಟದೆ, ಬಗ್ಗಿ, ನಾಲಗೆಯಲ್ಲೇ ನೆಕ್ಕಿದವಳು. ಆಮೇಲೆ ಗಲ್ಲಿಯ ಎರಡೂ ಬದಿಯ ಕಿಟಕಿಗಳು ಅವಳ ಕಣ್ಣ ಮುಂದೆ ಬಂದವು.

"ಬೀದೀಲಿ ಕೂರಿಸಿ ಊರಿಗೆಲ್ಲ ತೋರಿಸೋಕೆ," ಎಂದಳು. "ನನ್ನ ಮಾತನ್ನ ನಾಟಕ ಮಾಡಿದಾಳೆ."

"ನೀವು ಮಾತಾಡಿದ್ದೂ ಬೀದೀಲೇ ಅಲ್ವಾ," ಎಂದು ಯಜಮಾನಿ ಮತ್ತೆ ಬೀನ್ಸ್ ಹಿಡಿದಳು. "ಹೋಗಿ, ಹೋಗಿ. ಸೂಪು ಆರಿದ್ರೆ ಕೆನೆ ಕಟ್ಟತ್ತೆ."

ಟೈಲರಮ್ಮ ಬಾಗಿಲ ಬಳಿಯ ಬೇರೊಂದು ಮೇಜಿಗೆ ಕೂತಳು. ಪುಟ್ಟಿ ಬಂದೇ ಬರುತ್ತಾಳೆ ಎಂದುಕೊಂಡಳು. ಚಿಕ್ಕಂದಿನ ಕಣ್ಣಾಮುಚ್ಚಾಲೆಯಿಂದ ಹಿಡಿದು ಇಲ್ಲಿಯ ತನಕ, ಅಡಗಿದವಳು ಅಕ್ಕ, ಹುಡುಕಿಕೊಂಡು ಬಂದವಳು ತಂಗಿ. ಚಹಾ ಹೇಳಿದಳು. ಚಹಾ ಬಂತು, ಆರಿತು. ಹೋಟೆಲಿಗೆ ಒಂದು ಸಂಸಾರ ಬಂದು ಗದ್ದಲದಲ್ಲಿ ಉಂಡು ಎದ್ದು ಹೋಯಿತು. ಒಮ್ಮೆ ಅವಳು ಎದ್ದು, ಬಟ್ಟೆಯ ಸುಕ್ಕು ಸರಿಮಾಡಿಕೊಂಡು, ಹೊರಗೆ ಹೆಜ್ಜೆಯನ್ನೂ ಇಟ್ಟಳು. ರಸ್ತೆಯ ಆಚೆಗೆ ಗಲ್ಲಿಯ ಬಾಯಿ ಕಾಣುತ್ತಿತ್ತು. ಅಲ್ಲಿ ನಿಂತಾಗ ಒಂದು ಯೋಚನೆ ಬಂತು. ಮೆಟ್ಟಿಲ ಕೆಳಗೆ ಕೂತು ಹೋಟೆಲಿನ ನೀರು ಕುಡಿದರೆ ಸಾಕು ಅನ್ನುವುದಾದರೆ, ಇದನ್ನು ಮದುವೆಯ ದಿನವೇ ಮಾಡಬಹುದಿತ್ತು. ಮಗು ಹುಟ್ಟಿದ ದಿನ ಮಾಡಬಹುದಿತ್ತು. ಯಾವ ದಿನ ಬೇಕಾದರೂ ಮಾಡಬಹುದಿತ್ತು. ಅವಳು ಆ ಯೋಚನೆಯನ್ನು ಪೂರ್ತಿ ಮಾಡದೆ ಒಳಗೆ ಬಂದು ಕೂತಳು.

"ಕಾಲು ನೋವು," ಎಂದಳು, ಯಜಮಾನಿ ಕೇಳದಿದ್ದರೂ.

ಬಿಸಿಲು ಗೋಡೆ ಹತ್ತಿದ ಮೇಲೆ ಯಜಮಾನಿಯ ಮಗ ಮತ್ತು ಬ್ರೇಕಣ್ಣ ಆ ಮೇಜನ್ನು ಕಾಲು ಮೇಲು ಮಾಡಿ ಹೊತ್ತುಕೊಂಡು ಬಂದರು. ಬ್ರೇಕಣ್ಣ ತನ್ನ ಬದಿಯನ್ನು ಇಳಿಸಿ, ಬೆವರು ಒರೆಸಿಕೊಂಡು ತಿರುಗಿದಾಗ ಬಾಗಿಲ ಬಳಿ ಟೈಲರಮ್ಮನನ್ನು ಕಂಡ.

"ಅಕ್ಕ," ಎಂದ. ಬಹಳ ಹೊತ್ತು ನಿಂತ. "ನೀವು ಇಲ್ಲೇ ಇದ್ರಾ."

"ಪುಟ್ಟಿ ಎಲ್ಲಿ?"

"ನೀವು ಬರಲಿಲ್ಲ ಅಂದ ಮೇಲೆ ಮೈ ಹುಷಾರಿಲ್ಲ ಅಂದ್ಕೊಂಡ್ಲು. ಬರ್ತೀನಿ ಅಂದ ಮೇಲೆ ಬರದೆ ಇರೋ ಜಾತಿ ಅಲ್ಲ ಅಕ್ಕ, ಏನೋ ಆಗಿದೆ ಅಂದ್ಲು. ಸೂಪು ಬಿಸಿ ಮಾಡಿ ಡಬ್ಬಿಗೆ ಹಾಕ್ಕೊಂಡು, ಗಲ್ಲಿ ಆ ಕೊನೆಯಿಂದ ಒಳದಾರೀಲಿ ನಿಮ್ಮನೆಗೆ ಹೋದ್ಲು." ಮತ್ತೆ ನಿಂತ. "ಬೇಡ ಅಂದೆ. ಕರೀದೆ ಹೋಗಬೇಡ ಅಂದೆ. ಈಗ ಅದೆಲ್ಲ ನೋಡೋಕಾಗತ್ತಾ ಅಂದ್ಲು."

ಫೋನು ಇನ್ನೂ ಎಲ್ಲರ ಮನೆಗೆ ಬಂದಿರದ ಕಾಲ. ಟೈಲರಮ್ಮ ಬಸ್ಸಿಗೆ ಕಾದಳು. ಬಸ್ಸು ಬಾರದೆ ನಡೆದಳು, ನಡೆದು ಅರ್ಧ ದಾರಿಯಾದ ಮೇಲೆ ಬಸ್ಸು ಅವಳನ್ನು ದಾಟಿ ಹೋಯಿತು. ಮನೆ ಮುಟ್ಟುವಾಗ ಸಂಜೆ. ಬಾಗಿಲ ಚಿಲಕಕ್ಕೆ ಒಂದು ಬಟ್ಟೆಚೀಲ ತೂಗುತ್ತಿತ್ತು, ಒಳಗೆ ಸ್ಟೀಲಿನ ಡಬ್ಬಿ. ನೆರೆಮನೆಯಾಕೆ ತನ್ನ ಬಾಗಿಲಿಂದಲೇ ಹೇಳಿದಳು: "ನಿಮ್ಮ ತಂಗಿಯಂತೆ. ತುಂಬ ಹೊತ್ತು ಕೂತಿದ್ರು ಪಾಪ. ಕಿಟಕಿಯಿಂದ ಒಳಗೆ ನೋಡ್ತಾ ಇದ್ರು. ಎಲ್ಲಿಗೆ ಹೋಗಿದಾರೆ ಅಂತ ಕೇಳಿದ್ರು. ಒಗೆದ ಬಟ್ಟೆ ಉಟ್ಕೊಂಡು ಚೆನ್ನಾಗೇ ಹೋದ್ರು, ಎಲ್ಲಿಗೋ ಗೊತ್ತಿಲ್ಲ ಅಂದೆ."

"ಏನಂದ್ಲು?"

"ಏನಿಲ್ಲ. ಚೆನ್ನಾಗಿದಾರಲ್ಲ, ಸಾಕು ಅಂದ್ರು."

ಟೈಲರಮ್ಮ ಬೀಗ ತೆಗೆದು ಒಳಗೆ ಹೋಗಿ, ಕೂರದೆ, ನಿಂತುಕೊಂಡೇ ಡಬ್ಬಿ ಬಿಚ್ಚಿದಳು. ಸೂಪು ತಣ್ಣಗಾಗಿತ್ತು. ತಂಗಿ ಕ್ಯಾರೆಟ್ಟನ್ನೆಲ್ಲ ಆರಿಸಿ ಮೇಲಕ್ಕೆ ಹಾಕಿದ್ದಳು. ಸೂಪು ಹೋಟೆಲಿನದು, ಬಿಸಿ ಮಾಡಿದ ಒಲೆ ತಂಗಿಯದು, ಡಬ್ಬಿ ತಂಗಿಯದು. ಟೈಲರಮ್ಮ ಅದನ್ನು ಕೊನೆಯ ಹನಿಯ ತನಕ ಕುಡಿದಳು. ಆ ಹೊತ್ತಿನಲ್ಲೇ ಹೊರಟುಬಿಡಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗುವುದು ಎನಿಸಿತು. ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಬೋರಲು ಹಾಕಿದಳು. ನಾಳೆ ಡಬ್ಬಿ ಕೊಡುವ ನೆಪವಿದೆ, ನೇರ ಒಳಗೆ ಹೋಗಿ ಅಡುಗೆಮನೆಯಲ್ಲೇ ಇಟ್ಟು ಬರುತ್ತೇನೆ, ಒಂದು ಸಂಸಾರದ ಸಾಮಾನು ಲಾರಿಗೆ ತುಂಬಲು ಮಧ್ಯಾಹ್ನವಾದರೂ ಆಗುತ್ತದೆ ಎಂದು ಲೆಕ್ಕ ಹಾಕಿದಳು. ಬ್ರೇಕಣ್ಣ ಮಾತಿಗೆ ನಿಧಾನವೇ ಹೊರತು ಕೆಲಸಕ್ಕಲ್ಲ ಎಂಬುದು ಅವಳಿಗೆ ನೆನಪಾಗಲಿಲ್ಲ.

ಬೆಳಗ್ಗೆ ಅವಳು ಬಸ್ಸಿಳಿದು ರಸ್ತೆ ದಾಟಿ ಗಲ್ಲಿಯ ಬಾಯಿಗೆ ಬರುವಾಗ ಲಾರಿ ಎದುರಿಗೇ ಬಂತು. ಮಂಚದ ಕಾಲು, ಸುತ್ತಿದ ಹಾಸಿಗೆ, ಎಲ್ಲಕ್ಕೂ ಹಗ್ಗ ಬಿಗಿದಿತ್ತು. ಮುಂದಿನ ಸೀಟಿನಲ್ಲಿ ಡ್ರೈವರು, ನಡುವೆ ಬ್ರೇಕಣ್ಣ, ಆಚೆ ಕಿಟಕಿಯ ಬಳಿ ತಂಗಿ. ಒಡೆದೀತೆಂದು ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಮಗುವಿನಂತೆ ಎದೆಗೊತ್ತಿ ಹಿಡಿದಿದ್ದಳು. ಟೈಲರಮ್ಮ ಗೋಡೆಗೆ ಸರಿದು ದಾರಿ ಬಿಟ್ಟಳು. ಕೂಗಿದಳು, ಆದರೆ ಲಾರಿ ಗೇರು ಬದಲಿಸುತ್ತಿತ್ತು. ಮುಖ್ಯ ರಸ್ತೆಗೆ ತಿರುಗುವ ಮೊದಲು ಲಾರಿ ಒಂದು ಗಳಿಗೆ ನಿಂತಿತು. ತಂಗಿ ಕಿಟಕಿಯಿಂದ ಕೊರಳು ಹೊರಗೆ ಹಾಕಿ, ರಸ್ತೆಯ ಆಚೆ ಬದಿಗೆ, ಇನ್ನೂ ಬಾಗಿಲು ತೆರೆಯದ ಹೋಟೆಲಿನ ಕಡೆಗೆ, ಬೆಂಚಿನ ಕಡೆಗೆ ನೋಡಿದಳು. ಅಲ್ಲಿ ಯಾರೋ ಪೇಪರು ಓದುತ್ತ ಕೂತಿದ್ದರು. ಅವಳು ಕೊರಳು ಒಳಗೆ ಎಳೆದುಕೊಂಡು ಗಡಿಯಾರದ ಮೇಲಿನ ಟವೆಲು ಸರಿಪಡಿಸಿದಳು.

ತಂಗಿ ಹೋದದ್ದು ಸೋಮವಾರ, ಬಿಸಿಲು ಇನ್ನೂ ಏರಿರಲಿಲ್ಲ.