ಕ್ರಿಟಿಕಲ್ ಯಾರು?

ಮೇಲಿನ ಮಹಡಿಯ ವಾರ್ಡಿನ ಫೋನು ಸತ್ತಿದೆ ಎಂದು ಹಿರಿಯ ಸಿಸ್ಟರ್ ಬೆಳಿಗ್ಗೆಯಿಂದ ಗೋಳಾಡುತ್ತಿದ್ದರು. ವೈರಮ್ಮ ಹತ್ತಿ ಬಂದಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಈ ಇಂಜಿನಿಯರಿಗೆ ಅದೇ ಅಂಟಿಕೊಂಡಿತ್ತು, ಅವಳೂ ಅದಕ್ಕೇ ಓಗೊಡುತ್ತಿದ್ದಳು. ಫೋನು ಬದಲಿಸಿದಳು, ಕೇಬಲ್ ಬದಲಿಸಿದಳು. ಊಹೂಂ, ಜಪ್ಪಯ್ಯ ಎಂದರೂ ಏಳಲಿಲ್ಲ. ಆ ದಪ್ಪ ಗೋಡೆಗಳ ನಡುವೆ ಮೊಬೈಲೂ ಹಿಡಿಯುತ್ತಿರಲಿಲ್ಲ. ಉಸಿರಿಗೆ ಒದ್ದಾಡುವ ರೋಗಿಗಳನ್ನು ಬಿಟ್ಟು, ಡಾಕ್ಟರನ್ನು ಕರೆಯಲು ಸಿಸ್ಟರ್ ಮಂಡಿನೋವಿನಲ್ಲೇ ಮೆಟ್ಟಿಲಿಳಿದು ಓಡಬೇಕಿತ್ತು.

ಈ ಫೋನುಗಳಿಗೆ ಬೇರೆ ಪ್ಲಗ್ ಇಲ್ಲ. ಮಾತು ಹೋಗುವ ಕೇಬಲ್ಲಿನಲ್ಲೇ ಕರೆಂಟೂ ಬರಬೇಕು, ಅದನ್ನು ಹಂಚುವುದು ಸ್ವಿಚ್ ಎಂಬ ಪೆಟ್ಟಿಗೆ. ವೈರಮ್ಮ ಲ್ಯಾಪ್‌ಟಾಪ್ ತೆರೆದು ಅದರ ಯಾವ ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೆ, ಪವರ್ ಹೋಗುತ್ತಿದೆ, ಯಾವುದಕ್ಕಿಲ್ಲ ಎಂದು ಒಂದೊಂದಾಗಿ ನೋಡಿದಳು. ವಾರ್ಡಿನ ಪೋರ್ಟಿಗೆ ಮಾತ್ರ ಪವರ್ ನಿರಾಕರಿಸಲಾಗಿತ್ತು. ಪೆಟ್ಟಿಗೆಯ ಶಕ್ತಿಯೆಲ್ಲ ಮುಗಿದಿತ್ತು. ಅತಿಥಿಗಳು ಬರುತ್ತಾರೆಂದು ಆಡಳಿತಾಧಿಕಾರಿ ನಿನ್ನೆ ತಮ್ಮ ಕೋಣೆಗೆ ಅದೇ ಪೆಟ್ಟಿಗೆಯಿಂದ ಕರೆಂಟು ಎಳೆಸಿ ಹಾಕಿಸಿಕೊಂಡ ದೊಡ್ಡ ಪರದೆ ಅದನ್ನು ನುಂಗಿ ಕೂತಿತ್ತು.

ಆಮೇಲೆ ಕಂಡದ್ದು ಅವಳ ಮೈ ಉರಿಸಿತು. ಪವರ್ ಸಾಲದಾಗ ಮೊದಲು ಯಾರಿಗೆ ಕೊಡಬೇಕೆಂದು ಪ್ರತಿ ಪೋರ್ಟಿಗೂ ಒಂದು ದರ್ಜೆ ಇರುತ್ತದೆ. ವಾರ್ಡಿಗೆ 'ಲೋ' ಎಂದಿತ್ತು. ಸಾಹೇಬರ ಪರದೆಗೆ 'ಕ್ರಿಟಿಕಲ್', ಎಲ್ಲಕ್ಕಿಂತ ಮೊದಲು. ಪರದೆ ಜೋಡಿಸಲು ಬಂದವರಿಗೆ ಸಾಹೇಬರೇ ಹೇಳಿ ಹಾಕಿಸಿದ್ದರು.

ನೆಟ್ಟಗೆ ಅವರ ಕೋಣೆಗೇ ಹೋದಳು. ಸಾಹೇಬರು ಬೆಣ್ಣೆಯಂಥ ದನಿಯಲ್ಲಿ, ಅತಿಥಿಗಳು ಬಂದು ಹೋಗಲಿ, ಮುಂದಿನ ವಾರ ಇನ್ನೊಂದು ಪೆಟ್ಟಿಗೆ ತರಿಸೋಣ ಎಂದರು. ಅಲ್ಲಿಯವರೆಗೆ ಯಾರಿಗಾದರೂ ಉಸಿರು ಕಟ್ಟಿದರೆ ಎಂದು ಅವಳು ಕೇಳಿದಳು.

"ಸಿಸ್ಟರ್‌ಗೆ ಕಾಲಿಲ್ವಾ?" ಎಂದರು ಸಾಹೇಬರು.

ಅಷ್ಟು ಸಾಕಾಯಿತು. ಕೂರು ಎನ್ನದಿದ್ದರೂ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವರ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಎರಡು ದರ್ಜೆಗಳನ್ನೂ ಅದಲುಬದಲು ಮಾಡಿದಳು. ಗೋಡೆಯ ಪರದೆಯಲ್ಲಿ ಕೈಮುಗಿದು ನಗುತ್ತಿದ್ದ ಸಾಹೇಬರ ಚಿತ್ರ ಫಕ್ಕನೆ ಆರಿತು.

"ಈ ಆಸ್ಪತ್ರೇಲಿ ಕ್ರಿಟಿಕಲ್ ಅನ್ನೋದು ರೋಗಿಗಳಿಗೆ ಸಾರ್. ನೀವು ಗುಂಡುಕಲ್ಲಿನ ಹಾಗಿದೀರಿ."

ಸಾಹೇಬರ ಮುಖ ಕೆಂಪೇರಿತು. ಈಗಿಂದೀಗಲೇ ಮೊದಲಿನಂತೆ ಮಾಡದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದರು. ಕೆಲಸ ಹೋದರೆ ಮನೆಯಲ್ಲಿ ಅತ್ತೆಯ ಬಾಯಿಗೆ ಬೀಗವಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆದರಿಕೆಯೂ ಆಯಿತು. ಆದರೆ ಸಿಟ್ಟು ಅದಕ್ಕಿಂತ ಒಂದು ಕೈ ಮೇಲಿತ್ತು. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು.

"ನೀವೇ ಬದಲಾಯಿಸಿ, ಒಂದು ಗುಂಡಿ ಒತ್ತಿದ್ರಾಯ್ತು. ಅದಕ್ಕೆ ಮುಂಚೆ ಫೋನ್ ಕಿತ್ಕೋತಾ ಇದೀನಿ ಅಂತ ಸಿಸ್ಟರ್‌ಗೆ ನಿಮ್ಮ ಬಾಯಲ್ಲೇ ಹೇಳಿಬಿಡಿ."

ಮೇಜಿನ ಫೋನಿನಿಂದ ವಾರ್ಡಿಗೆ ಹಚ್ಚಿ, ಸ್ಪೀಕರ್ ಒತ್ತಿ, ಅವರ ಮುಂದೆ ಸರಿಸಿದಳು. ಒಂದೇ ರಿಂಗಿಗೆ ಆ ಕಡೆ ಎತ್ತಿದರು.

"ಅಬ್ಬಾ, ಬಂತಲ್ಲಪ್ಪ," ಎಂದಿತು ಸಿಸ್ಟರ್ ದನಿ. "ಯಾರು ಪುಣ್ಯಾತ್ಮರು ಸರಿಮಾಡಿಸಿದ್ದು?"

ಸಾಹೇಬರ ಬೆರಳು ಲ್ಯಾಪ್‌ಟಾಪಿನ ಗುಂಡಿಯ ಹತ್ತಿರವೇ ಇತ್ತು. ಕಪ್ಪು ಪರದೆಯನ್ನು ನೋಡಿದರು, ವೈರಮ್ಮನನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ನಾನೇ," ಎಂದರು.

ವೈರಮ್ಮ ನಗು ತಡೆದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ನಾಳೆ ಎಂದಿನ ಹೊತ್ತಿಗೇ ಬರ್ತೀನಿ ಸಾರ್."