ಮುಟ್ಟಿದವರೇ ಗುಡಿಸಬೇಕು

ನಮ್ಮ ಆಫೀಸಿನಲ್ಲಿ ಒಂದು ಯಂತ್ರವಿದೆ. ಕಬ್ಬಿಣದ್ದಲ್ಲ, ಅದೂ ಒಂದು ಪ್ರೋಗ್ರಾಮೇ. ನಾವು ಬರೆದ ಕೋಡನ್ನೆಲ್ಲ ಓದಿ ತಪ್ಪು ಹುಡುಕುವುದು ಅದರ ಕೆಲಸ. ಕೋಡು ಸರಿಯಾಗಿ ನಡೆಯುತ್ತದೋ ಇಲ್ಲವೋ ಅದಕ್ಕೆ ಬೇಕಿಲ್ಲ. ಸಾಲು ಉದ್ದವಾಯಿತು, ಹೆಸರು ಅರ್ಥವಾಗುವುದಿಲ್ಲ, ಇಲ್ಲಿ ಜಾಗ ಬಿಟ್ಟಿಲ್ಲ, ಇಂಥವೇ ಬೇಕು. ಸೊಸೆಯ ಅಡುಗೆಮನೆಗೆ ಬಂದ ಅತ್ತೆಯ ಹಾಗೆ ಮೂಲೆಮೂಲೆಗೂ ಬೆರಳಿಟ್ಟು ನೋಡುತ್ತದೆ. ಅದು ಹಸಿರು ತೋರಿಸಿದರೆ ಮಾತ್ರ ನಾವು ಬರೆದದ್ದು ಹೊರಗೆ ಹೋಗುತ್ತದೆ, ಕೆಂಪು ತೋರಿಸಿದರೆ ಅಲ್ಲೇ ಬಿದ್ದಿರುತ್ತದೆ. ಕಂಪನಿಯನ್ನು ಕೊಂಡ ಹೊರದೇಶದವರು ಅದನ್ನು ತಂದು ಕೂರಿಸಿ, ಜೊತೆಗೊಂದು ನಿಯಮವನ್ನೂ ಮಾಡಿದರು: ಹಳೆಯ ಫೈಲನ್ನು ಯಾರು ಮುಟ್ಟುತ್ತಾರೋ ಅವರೇ ಅದರ ಕಸವನ್ನೆಲ್ಲ ಗುಡಿಸಬೇಕು.

ಕೇಳಲು ಚೆಂದವೇ. ಅಂದಿನಿಂದ ಹಳೆಯ ಫೈಲುಗಳ ತಂಟೆಗೆ ಯಾರೂ ಹೋಗುತ್ತಿಲ್ಲ.

ಊರಿನ ಕಟ್ಟಡಗಳಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಳವೆಯಲ್ಲಿ ಬರುವ ಬಿಸಿನೀರನ್ನು ಯಾರಿಗೆ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ನಮ್ಮ ಪ್ರೋಗ್ರಾಮು. ಅದರ ಹೃದಯದಂಥ ಫೈಲನ್ನು ಬರೆದವನು ತ್ಸ್ವೆತಾನ್. ಪುಣ್ಯಾತ್ಮ, ಈಗಿಲ್ಲ. ನಮ್ಮ ಬಲ್ಗೇರಿಯನ್ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ‘ಚ’ ಬಂದಲ್ಲಿ ನಾಲ್ಕರ ಅಂಕಿ, ‘ಶ’ ಬಂದಲ್ಲಿ ಆರರ ಅಂಕಿ ಹಾಕಿ ಕೋಡಿನಲ್ಲಿ ಹೆಸರಿಡುತ್ತಿದ್ದ. ನಾವೆಲ್ಲ ಮೊಬೈಲಿನಲ್ಲಿ ಹಾಗೇ ಬರೆಯುವವರು, ಓದಿಕೊಳ್ಳುತ್ತಿದ್ದೆವು. ವಿವರಣೆ ಬರೆಯುವುದೆಂದರೆ ಮಾತ್ರ ಅವನಿಗೆ ಅವಮಾನ.

ಈ ಜನವರಿಯಲ್ಲಿ ನಾನಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಬಿಸಿ ಅಳೆಯುವ ಉಪಕರಣವನ್ನು ಬದಲಾಯಿಸಿದರು. ಹೊಸದು ನಿಜವಾಗಿ ಇರುವ ಬಿಸಿಗಿಂತ ಹೆಚ್ಚು ತೋರಿಸುತ್ತದೆ. ಪ್ರೋಗ್ರಾಮು ಇವರಿಗೆ ಸಾಕು ಎಂದುಕೊಂಡು ಬಿಸಿನೀರು ಬಿಡುವುದನ್ನು ಇಳಿಸಿತು. ಮನೆಗಳಲ್ಲಿ ಆ ನೀರು ಹರಿಯುವ ಗೋಡೆಯ ರೇಡಿಯೇಟರು ಉಗುರುಬೆಚ್ಚಗಾಯಿತು. ನಾವು ಎರಡು ಸ್ವೆಟರು ಹಾಕಿಕೊಂಡು ಬೈದುಕೊಂಡು ಇರುತ್ತಿದ್ದೆವೇನೋ. ಆದರೆ ನನ್ನ ಕೆಳಗಿನ ಮನೆಯಲ್ಲಿ ನೆವೆನಾ ಹೆತ್ತು ಮನೆಗೆ ಬಂದಿದ್ದಳು. ಕೂಸು ತೂಕವಿಲ್ಲದ್ದು, ಬೆಚ್ಚಗಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗಂಡ ಲಾರಿ ಓಡಿಸುತ್ತ ದೂರದಲ್ಲೆಲ್ಲೋ ಇದ್ದ. ಬಾಣಂತನಕ್ಕೆ ನಿಂತವಳು ಅತ್ತೆ ದೊಬ್ರಿಂಕಾ.

“ಹಳ್ಳೀಲಿ ನಿಮ್ಮನೇಲಿ ಸೌದೆ ಒಲೆ ಇದೆಯಲ್ಲ ದೊಡ್ಡಮ್ಮ, ಅಲ್ಲಿಗೇ ಕರ್ಕೊಂಡು ಹೋಗಿ,” ಎಂದೆ.

“ನಲವತ್ತು ದಿನ ತುಂಬದೆ ಬಾಣಂತಿ ಹೊಸಿಲು ದಾಟೋದುಂಟೇನೇ? ನಿಮ್ಮಮ್ಮ ನಿನಗೆ ಇದನ್ನೂ ಹೇಳಿಕೊಟ್ಟಿಲ್ವಾ?” ಎಂದಳು. ಕೂಸಿನ ಮಣಿಕಟ್ಟಿಗೆ ಕೆಂಪು ದಾರ, ತೊಟ್ಟಿಲಿಗೆ ಬೆಳ್ಳುಳ್ಳಿ ಎಲ್ಲ ಕಟ್ಟಿಯಾಗಿತ್ತು. “ನೀನು ಇದೇ ಬಿಸಿನೀರಿನ ಕೆಲಸದಲ್ಲಿ ಇರೋಳು ತಾನೇ? ಒಂದು ಚೂರು ಜಾಸ್ತಿ ಬಿಡೋಕಾಗಲ್ವಾ ವಿಹ್ರಾ?”

ಆಗುತ್ತದೆ ಎಂದುಬಿಟ್ಟೆ. ಒಂದೇ ಸಾಲಿನ ಕೆಲಸ. ಹೊಸ ಉಪಕರಣ ತೋರಿಸುವುದರಲ್ಲಿ ಇಷ್ಟು ಕಳೆ ಎಂದು ಬರೆದರೆ ಮುಗಿಯಿತು. ಬರೆದೆ. ಯಂತ್ರ ಕೆಂಪಾಯಿತು. ನನ್ನ ಸಾಲಿನ ಮೇಲೆ ಅದಕ್ಕೇನೂ ದೂರಿರಲಿಲ್ಲ, ತ್ಸ್ವೆತಾನನ ಆಯುಷ್ಯದ ಕಸವೆಲ್ಲ ನನ್ನ ತಲೆಗೆ ಬಂದಿತ್ತು.

ಆಫೀಸಿನಲ್ಲಿ ನಮ್ಮ ಮೇಲಿನವನು ಲ್ಯುಬೆನ್. ಅವನ ಮೇಜಿನ ಮುಂದೆ ಹೋಗಿ ನಿಂತೆ.

“ಒಂದ್ಸಲ ಬಿಟ್ಟುಬಿಡು ಲ್ಯುಬೆನ್. ಎಳೆಕೂಸು ಇದೆ ಅಲ್ಲಿ.”

“ನನ್ನ ಕೈಲಿ ಏನಿದೆ ಹೇಳು? ವಿನಾಯ್ತಿ ಕೊಡೋ ಗುಂಡಿ ಮೊದಲು ನನ್ನ ಹತ್ರ ಇತ್ತು. ತೆಗೆದ್ರು. ಈಗ ಅದಕ್ಕೊಂದು ಸಮಿತಿ. ಮುಂದಿನ ತಿಂಗಳು ಸೇರುತ್ತೆ.”

“ಹಂಗಾದ್ರೆ ನೀನು ಯಾಕಿದ್ದೀಯ ಇಲ್ಲಿ?”

“ನಮ್ಮನೆಯವಳೂ ಅದನ್ನೇ ಕೇಳ್ತಾಳೆ,” ಎಂದ ಪಾಪದವನು.

ಗುಡಿಸಲು ಕುಳಿತೆ. ಉದ್ದದ್ದನ್ನು ತುಂಡು ಮಾಡಿದರೆ ತುಂಡುಗಳು ಹೆಚ್ಚಾದವು ಎಂದಿತು ಯಂತ್ರ. ಹೆಸರು ಬದಲಾಯಿಸಿದರೆ ಹೆಸರು ಉದ್ದವಾಯಿತು ಎಂದಿತು. ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ದೂರು. ಒಂದು ಕಡೆ ತ್ಸ್ವೆತಾನ್ ಸುಮ್ಮನೆ ಎಣಿಸುವ ಸಾಲು ಬರೆದಿದ್ದ. ಒಂದರಿಂದ ದೊಡ್ಡದೊಂದು ಸಂಖ್ಯೆಯವರೆಗೆ ಎಣಿಸುವುದು, ಮುಂದೆ ಹೋಗುವುದು, ಅಷ್ಟೇ. ‘ಈ ಸಾಲುಗಳು ಏನೂ ಮಾಡುವುದಿಲ್ಲ, ತೆಗೆದುಹಾಕಿ’ ಎಂದಿತು ಯಂತ್ರ.

ನನಗೆ ಕೈ ಬರಲಿಲ್ಲ. ತ್ಸ್ವೆತಾನ್ ಮಹಾ ಸೋಮಾರಿ, ಬೇಡದ ಸಾಲು ಬರೆಯುವ ಜಾತಿಯವನಲ್ಲ. ಅಲ್ಲಿ ಏನನ್ನೋ ಕಾಯುತ್ತಿದ್ದಾನೆ ಅನ್ನಿಸಿ, ಎಣಿಕೆಯ ಬದಲು ಸ್ವಲ್ಪ ಹೊತ್ತು ಕಾಯಲು ಹೇಳುವ ಸಾಲು ಹಾಕಿ ನೋಡಿದೆ. ಕಾಯುವ ಸಾಲುಗಳಿಗೆ ಅನುಮತಿಯಿಲ್ಲ ಎಂದಿತು.

“ಖಾಲಿ ಸಾಲು ತಾನೇ, ತೆಗಿ ಅತ್ಲಾಗೆ,” ಎಂದ ಲ್ಯುಬೆನ್. “ಕೂಸು ಕಾಯ್ತಿದೆ ಅಂದೋಳು ನೀನೇ.”

ತೆಗೆದೆ. ಯಂತ್ರ ಹಸಿರಾಯಿತು. ಲ್ಯುಬೆನ್ ಖುಷಿಗೆ ಎಲ್ಲರಿಗೂ ತಿನ್ನಲು ಚೀಸು ತುಂಬಿದ ಬನಿತ್ಸಾ ತರಿಸಿದ. ಆ ಫೈಲು ಹಸಿರಾದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಕಟ್ಟಡದ ರೇಡಿಯೇಟರುಗಳು ಕಲ್ಲಿನಂತೆ ತಣ್ಣಗಿದ್ದವು. ನೀರು ಬಿಡುವ ನೆಲಮಾಳಿಗೆಯ ವಾಲ್ವು ಓಬೀರಾಯನ ಕಾಲದ್ದು, ತಿರುಗಲು ಹೊತ್ತು ಬೇಕು. ಅದು ತಿರುಗಲಿ ಎಂದೇ ತ್ಸ್ವೆತಾನ್ ಎಣಿಸುತ್ತಿದ್ದದ್ದು. ಈಗ ಪ್ರೋಗ್ರಾಮು ತೆರೆ ಎಂದ ಮರುಕ್ಷಣವೇ ತೆರೆಯಿತೇ ಎಂದು ಕೇಳುತ್ತದೆ, ಇಲ್ಲವೆಂದರೆ ಕೆಟ್ಟಿದೆ ಎಂದು ಪೂರ್ತಿ ಮುಚ್ಚಿಬಿಡುತ್ತದೆ. ಕೆಲಸದವನೊಬ್ಬ ಬಂದು ಕೈಯಲ್ಲೇ ತೆರೆದು ಹೋದ. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಪ್ರೋಗ್ರಾಮು ಮತ್ತೆ ಮುಚ್ಚಿತು.

“ಹಳೇದನ್ನೇ ವಾಪಸ್ ಹಾಕು!” ಎಂದು ಲ್ಯುಬೆನ್ನಿಗೆ ಫೋನಿನಲ್ಲಿ ಕಿರುಚಿದೆ.

“ಹಾಕಿದೆ ಕಣೇ. ಕೆಂಪು. ಹಳೇದನ್ನ ವಾಪಸ್ ಹಾಕೋದೂ ಮುಟ್ಟಿದ ಹಾಗೇ ಅಂತೆ. ಕ್ಲೀನಾಗಿದ್ದ ಫೈಲನ್ನ ಗಲೀಜು ಮಾಡ್ತಿದ್ದೀರಿ ಅಂತಿದೆ.”

“ವಾಲ್ವಿಗೋಸ್ಕರ ಕಾಯೋದು ಅಂತ ಕಾರಣ ಬರಿ.”

“ಬರೆದೆ. ಅದು ಕಾರಣ ಓದಲ್ಲ.”

ಬೇರೆ ರೀತಿಯಲ್ಲಿ ಸರಿಪಡಿಸಲು ದಾರಿಯೇನೋ ಇತ್ತು. ಬರೆದು, ಪರೀಕ್ಷೆ ಮುಗಿದು ಹೊರಡಲು ವಾರ ಬೇಕು. ವಾರ ಎಂದು ನಾನು ಯಾರ ಮುಂದೆ ಹೇಳಲಿ? ಮನೆಯಲ್ಲಿದ್ದ ವಿದ್ಯುತ್ ಹೀಟರನ್ನು ಕೆಳಗೆ ಕೊಟ್ಟುಬಂದೆ. ಕಟ್ಟಡದವರೆಲ್ಲ ಒಟ್ಟಿಗೆ ಹೀಟರು ಹಚ್ಚಿದ್ದರಿಂದ ಫ್ಯೂಸು ಹೋಯಿತು. ಅಷ್ಟರಲ್ಲಿ ಕೂಸಿನ ತುಟಿ ನೀಲಿಯಾಗಿದೆ ಎಂದು ನೆವೆನಾ ಅಳಲು ಶುರುಮಾಡಿದ್ದಳು.

ಮಧ್ಯಾಹ್ನ ದೊಬ್ರಿಂಕಾ ಬಾಗಿಲು ತೆರೆದಳು. ಕುರಿಯ ತುಪ್ಪಳದಲ್ಲಿ ಸುತ್ತಿದ ಕೂಸು ಅವಳ ಎದೆಗಿತ್ತು. ಹಿಂದೆ ತಲೆಗೆ ಶಾಲು ಬಿಗಿದುಕೊಂಡ ನೆವೆನಾ. ಕೆಳಗೆ ಹಳ್ಳಿಯವರ ಕಾರು ನಿಂತಿತ್ತು. ನಲವತ್ತರಲ್ಲಿ ಅರ್ಧವೂ ಆಗಿರಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಚೀಲ ತಗೋ,” ಎಂದಳು ಅಷ್ಟೇ. ಹೊಸಿಲ ಮೇಲೆ ಒಂದು ಗಳಿಗೆ ನಿಂತು, ದೃಷ್ಟಿ ತಾಗದಿರಲೆಂದು ಕೂಸಿನ ಕಡೆ ಥೂ ಥೂ ಎಂದು, ಕಣ್ಣು ಮುಚ್ಚಿ ದಾಟಿದಳು.

ಚೀಲ ಹಿಡಿದುಕೊಂಡು ಅವರ ಹಿಂದೆ ಮೆಟ್ಟಿಲಿಳಿಯುವಾಗ ನನ್ನ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಯಂತ್ರದ ಸಂದೇಶ. ಓದಲು ಸುಲಭವಾದ ಕೋಡಿನಲ್ಲಿ ಈ ವಾರ ನಮ್ಮ ಫೈಲೇ ಮೊದಲಂತೆ. ತೆರೆಯ ತುಂಬ ಹಸಿರು.

ನೆವೆನಾ ತಿರುಗಿ ಅದನ್ನು ಕಂಡಳು. ಅವಳ ಮುಖ ಅರಳಿತು.

“ಬಿಸಿ ಬಂತಾ ಅಕ್ಕಾ? ವಾಪಸ್ ಹೋಗೋಣ್ವಾ?”

ನಾನು ಫೋನನ್ನು ಜೇಬಿಗೆ ಹಾಕಿಕೊಂಡು, ಕೆಳಗಿಳಿದು ಕಾರಿನ ಬಾಗಿಲು ತೆರೆದೆ.