ಟಿಕೆಟ್ ಕಿಟಕಿಯ ಮುಂದಿನ ಹೆಂಗಸು

ಗೊಂಬೆಯ ಮುಖಕ್ಕೆ ಕಪ್ಪು ಹಾಕಿದರೆ ಹೆಣವಾಗುತ್ತದೆ. ಕಂದು ಬಣ್ಣಕ್ಕೆ ಒಂದಿಷ್ಟು ಕೆಂಪು ಬೆರೆಸಬೇಕು. ಆಗ ಕಣ್ಣಿನ ಗುಳಿಯಲ್ಲಿ ನೆರಳು ನಿಂತರೂ ಕೆನ್ನೆಯಲ್ಲಿ ಜೀವ ಉಳಿಯುತ್ತದೆ. ಬಿಳಿ ಅಂಗಿಯ ಮಡಿಕೆಗೆ ನೀಲಿ. ಹಳದಿಗೆ ಇಟ್ಟಿಗೆಯ ಬಣ್ಣ. ಇದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಎದುರು ಕೂತವನ ಮುಖಕ್ಕೆ ಯಾವ ಬಣ್ಣ ಹರಿಸಬಹುದೆಂದು ಯೋಚಿಸುತ್ತಿದ್ದಳು. ಅವನು ತಲೆಯೆತ್ತಿದಾಗ ಕಿಟಕಿಯ ಹೊರಗೆ ನೋಡಿದಳು.

ಬೆಳಗ್ಗೆ ಅಮ್ಮ ಒಲೆಯ ಕಡೆಗೇ ತಿರುಗಿಕೊಂಡು ಕೇಳಿದ್ದಳು. "ನಂಗೆ ಯಾವ ಬಟ್ಟೆ ಹಾಕಿದೀಯೇ?"

"ಯಾವುದರಲ್ಲಿ?"

"ನಿಮ್ಮ ಸ್ಟೇಷನ್ನಲ್ಲಿ."

"ಬಂದು ನೋಡು, ಗೊತ್ತಾಗುತ್ತೆ."

ಅಮ್ಮನ ಗೊಂಬೆಯನ್ನು ಅವಳಿನ್ನೂ ಮಾಡಿಯೇ ಇರಲಿಲ್ಲ.

ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಒಂದು ವಸ್ತುಸಂಗ್ರಹಾಲಯಕ್ಕಾಗಿ ಹಳೆಯ ರೈಲು ನಿಲ್ದಾಣದ ಪುಟ್ಟ ಮಾದರಿ ತಯಾರಾಗುತ್ತಿತ್ತು. ಬೆರಳಿನ ಗೆಣ್ಣಿನಷ್ಟು ಎತ್ತರದ ಪ್ರಯಾಣಿಕರು. ಪ್ರತಿ ಮಾದರಿಗೂ ಗಾಜು ಮುಚ್ಚುವ ಮೊದಲು ಕೆಲಸದವರೆಲ್ಲ ತಮ್ಮವರೊಬ್ಬರನ್ನು ಅದರೊಳಗೆ ನಿಲ್ಲಿಸಬೇಕು. ಮನೆಯವರು ಬಂದು ಹುಡುಕಬೇಕು. ಅದು ಅಲ್ಲಿನ ರೂಢಿ. ಯಜಮಾನರು ತಮ್ಮ ತಂದೆಗೆ ಸ್ಟೇಷನ್ ಮಾಸ್ಟರ್ ಟೋಪಿ ತೊಡಿಸಿದ್ದರು. ಅಂಟು ಹಾಕುವುದರಲ್ಲಿ ಎತ್ತಿದ ಕೈಯಾಗಿದ್ದು ಅದೇ ಹೆಸರಾಗಿಬಿಟ್ಟಿದ್ದ ಗೋಂದಣ್ಣ, ತನ್ನ ಹೆಂಡತಿಯನ್ನು ಹೊರಡುವ ರೈಲಿನಲ್ಲಿ ಕೂರಿಸಿ, ರೈಲು ಹೊರಡುವುದಿಲ್ಲವಲ್ಲ ಅದೊಂದೇ ಬೇಜಾರು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಸಂತೆಬೀದಿಯಲ್ಲಿ ಸಿಕ್ಕಿದ ಅಮ್ಮನಿಗೆ ಈ ರೂಢಿಯ ಸುದ್ದಿ ಮುಟ್ಟಿಸಿದವನೂ ಅವನೇ.

ಇವತ್ತು ಸಂಜೆ ಗಾಜು. ಯಾರನ್ನು ಇಡುವುದೆಂದು ಯೋಚಿಸಿದಾಗಲೆಲ್ಲ ಅವಳಿಗೆ ಪ್ಲಾಟ್‌ಫಾರಂ ಆಗಲೇ ತುಂಬಿದಂತೆ ಕಾಣುತ್ತಿತ್ತು.

ಮೇಜಿನ ದೀಪ ಹಾಕಿ, ಅಚ್ಚಿನಿಂದ ತೆಗೆದು ಬೂದು ಬಳಿದಿಟ್ಟಿದ್ದ ಒಬ್ಬ ಹೆಂಗಸನ್ನು ಆರಿಸಿಕೊಂಡಳು. ಕೈಯಲ್ಲಿ ಚೀಲ, ಸ್ವಲ್ಪ ಬಾಗಿದ ಭುಜ. ಅಮ್ಮನೇ. ಮೊದಲ ಬಣ್ಣಗಳು ಸಲೀಸಾಗಿ ಕೂತವು. ಇನ್ನು ವಾಶ್. ನೀರಿಗಿಂತ ಒಂಚೂರು ದಪ್ಪ, ಬಣ್ಣಕ್ಕಿಂತ ಎಷ್ಟೋ ತೆಳು. ಕುಂಚ ತಾಗಿಸಿದರೆ ಸಾಕು, ತಗ್ಗು ಎಲ್ಲಿದೆಯೋ ಅಲ್ಲಿಗೆ ತಾನೇ ಹೋಗಿ ನಿಲ್ಲುತ್ತದೆ. ನೆರಳನ್ನು ಬರೆಯಬೇಕಾಗಿಲ್ಲ. ಯಾರನ್ನೂ ಕೇಳಬೇಕಾಗಿಯೂ ಇಲ್ಲ. ಅವಳಿಗೆ ಈ ಕೆಲಸ ಹಿಡಿಸಿದ್ದೇ ಅದಕ್ಕೆ.

ಕುಂಚ ತುಂಬಿಕೊಂಡು ಮುಖದ ಹತ್ತಿರ ತಂದಳು. ತಂದವಳು ಹಾಗೇ ಉಳಿದಳು.

ಅಮ್ಮನ ಕಣ್ಣಿನ ಕೆಳಗೆ ಕಪ್ಪಿದೆಯೆ? ಬಾಯಿಯ ಪಕ್ಕದ ಗೆರೆ ಎಡಕ್ಕೋ, ಎರಡೂ ಕಡೆಗೋ? ನೆನಪು ಮಾಡಿಕೊಂಡರೆ ಒಲೆ ಬರುತ್ತಿತ್ತು, ಒಲೆಯ ಮುಂದೆ ಬೆನ್ನು. ಪರೀಕ್ಷೆಯ ಫಲಿತಾಂಶ ಹೇಳಿದ್ದು ಆ ಬೆನ್ನಿಗೆ. ಕೆಲಸ ಸಿಕ್ಕಿದ್ದನ್ನು ಹೇಳಿದ್ದೂ ಅದಕ್ಕೇ. ಅಪ್ಪ ಹೋದ ಸುದ್ದಿ ಫೋನಿನಲ್ಲಿ ಬಂದಾಗ ಬಾಗಿಲಲ್ಲಿ ನಿಂತು ಅದಕ್ಕೇ ಹೇಳಿದ್ದಳು. ಆಮೇಲೆ ಕೈಯೊಂದು ಚಾಚಿ ಒಲೆ ಆರಿಸಿತು. ಅಮ್ಮ ತಿರುಗುವಷ್ಟರಲ್ಲಿ ಅವಳು ತನ್ನ ಕೋಣೆಗೆ ಹೋಗಿದ್ದಳು.

ಫೋನಿನಲ್ಲಿ ಒಂದು ಫೋಟೋ ಇತ್ತು. ಅದರಲ್ಲಿದ್ದುದು ಅಮ್ಮ ಫೋಟೋಗೆಂದು ಹಾಕಿಕೊಂಡ ಮುಖ.

"ಅಮ್ಮಂಗೆ ಚಹಾ ಕುಡಿಸ್ತಿದೀಯಾ?" ಪಕ್ಕದ ಮೇಜಿನಿಂದ ಗೋಂದಣ್ಣ.

ನೋಡಿದಳು. ಕುಂಚ ಚಹಾದ ಲೋಟದಲ್ಲಿತ್ತು.

ತೊಳೆದುಕೊಂಡು ಬಂದು, ಧೈರ್ಯ ಮಾಡಿ ಮುಖಕ್ಕೆ ಕೆಂಗಂದು ಹರಿಸಿದಳು. ಅದು ಹರಿದು ನಿಂತಿತು, ಅಚ್ಚಿನವನು ಕೊರೆದ ತಗ್ಗುಗಳಲ್ಲಿ. ಗೊಂಬೆ ಯಾರೋ ಒಬ್ಬಳಾಯಿತು. ತಡೆಯಲಾರದೆ ಒರೆಸಿದಳು. ಅರೆ ಒಣಗಿದ ವಾಶ್ ಮುಟ್ಟಬಾರದು. ಹೊಸಬರಿಗೆಲ್ಲ ಮೊದಲ ದಿನವೇ ಅವಳು ಹೇಳಿಕೊಡುತ್ತಿದ್ದ ಪಾಠ ಅದು. ಕೆನ್ನೆಯ ಮೇಲೆ ಬಣ್ಣ ಹಾಲಿನ ಕೆನೆಯಂತೆ ಮುದುಡಿ, ಸುತ್ತ ಉಂಗುರದಂಥ ಕಲೆ ಎದ್ದಿತು. ಮೊದಲಿನಿಂದ ಶುರುಮಾಡಲು ಹೊತ್ತಿರಲಿಲ್ಲ.

ಗೊಂಬೆಯನ್ನು ತಿರುಗಿಸಿದಳು.

ಆಮೇಲೆ ಕೈ ತಡೆಯಲಿಲ್ಲ. ತುರುಬಿನ ಕೆಳಗಿನ ಕತ್ತಿಗೆ ಕಂದು, ಅದರಲ್ಲಿ ನೇರಳೆಯ ಒಂದು ಹನಿ. ಒಗೆದು ಒಗೆದು ಸೋತ ನೀಲಿ ಸ್ವೆಟರಿಗೆ ಬೂದು ವಾಶ್. ಕಂಕುಳಿನ ಮಡಿಕೆಯಲ್ಲಿ ಗಾಢ, ಮೊಣಕೈಯಲ್ಲಿ ಬಹುತೇಕ ಏನೂ ಇಲ್ಲ. ಬಲ ಭುಜ ಎಡಕ್ಕಿಂತ ಕೊಂಚ ಕೆಳಗೆ. ಅದನ್ನು ಒಂದು ಎಳೆ ನೆರಳು ಹೆಚ್ಚಿಸಿ ತೋರಿಸಿದಳು. ಹಿಮ್ಮಡಿಗೆ ಸೂಜಿಯಿಂದ ಬಿರುಕು ಗೀರಿ ಕೆಂಗಂದು ತಾಗಿಸಿದಾಗ ಅದು ಕೂದಲೆಳೆಯಂಥ ಸೀಳುಗಳೊಳಗೆ ಓಡಿತು. ಅವಳು ಸಣ್ಣಗೆ ನಕ್ಕಳು. ಜಗತ್ತಿನಲ್ಲಿ ಇಷ್ಟು ಚೆನ್ನಾಗಿ ಅವಳು ಇನ್ಯಾರನ್ನೂ ಬಲ್ಲವಳಲ್ಲ.

ಟಿಕೆಟ್ ಕಿಟಕಿಯ ಮುಂದೆ ನಿಲ್ಲಿಸಿಕೊಡಿ ಎಂದಾಗ ಗೋಂದಣ್ಣ ಕಾಲಡಿಗೆ ಅಂಟು ಇಟ್ಟು ಒತ್ತಿ ಹಿಡಿದ.

"ಮುಖ ಕಾಣಲ್ವಲ್ಲ ತಂಗಿ?"

"ಟಿಕೆಟ್ ತಗೋತಿದಾಳೆ."

"ಕಿಟಕಿ ಮುಚ್ಚಿದೆ."

"ತೆಗೀತಾರೆ ಬಿಡಿ."

ಅವನು ಅವಳನ್ನೂ ಗೊಂಬೆಯನ್ನೂ ನೋಡಿದ. ಬೆನ್ನು ಮಾತ್ರ ಭೇಷಾಗಿದೆ ಎಂದ.

ಸಂಜೆ ಅಮ್ಮ ಬಂದಳು. ನೀಲಿ ಸ್ವೆಟರಿನಲ್ಲಲ್ಲ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಗೆರೆ ಹಾಗೇ ಉಳಿದಿದ್ದ ಕೆಂಪು ಕೋಟಿನಲ್ಲಿ. ಯಜಮಾನರಿಗೆ ನಮಸ್ಕಾರ ಹೇಳಿ, ಚೀಲವನ್ನು ಎದೆಗೆ ಅವುಚಿಕೊಂಡು ಮಾದರಿಯ ಮೇಲೆ ಬಾಗಿದಳು. ಗಾಜಿನ ಪೆಟ್ಟಿಗೆ ಎತ್ತಿಕೊಂಡ ಇಬ್ಬರು ಕಾದು ನಿಂತಿದ್ದರು.

"ಎಲ್ಲೇ?"

"ಹುಡುಕು."

ಅಮ್ಮನ ಕಣ್ಣು ಸ್ಟೇಷನ್ ಮಾಸ್ಟರನನ್ನು ದಾಟಿತು. ಹಮಾಲಿಗಳನ್ನು ದಾಟಿತು. ಟಿಕೆಟ್ ಕಿಟಕಿಯ ಮೇಲೆ ಹಾದುಹೋಯಿತು. ತಿರುಗಿ ಬಂದು, ಮತ್ತೆ ಹಾದುಹೋಯಿತು. ಆಗ ಮಗಳಿಗೆ ಹೊಳೆಯಿತು: ಈ ಬೆನ್ನನ್ನು ಲೋಕದಲ್ಲಿ ಯಾರು ಬೇಕಾದರೂ ಗುರುತಿಸಬಹುದು, ಅಮ್ಮನೊಬ್ಬಳನ್ನು ಬಿಟ್ಟು. ಹೇಳಬಹುದಾಗಿತ್ತು. ಒಂದು ಬೆರಳು ತೋರಿಸಿದರೆ ಸಾಕಾಗಿತ್ತು. ಬೆರಳು ತೋರಿಸಿದರೆ, ಮುಖ ಎಲ್ಲಿ ಎಂದು ಅಮ್ಮ ಕೇಳುತ್ತಾಳೆ.

ಗಾಜು ಹಿಡಿದವರಲ್ಲೊಬ್ಬ ಕೈ ಬದಲಿಸಿದ.

ಅಮ್ಮನ ಬೆರಳು ಬೆಂಚಿನ ಬಳಿ ನಿಂತಿತು. ಅಲ್ಲೊಬ್ಬಳು ಬಾಯ್ತುಂಬ ನಗುತ್ತ ಕೂತಿದ್ದಳು. ಡಬ್ಬಿಗಟ್ಟಲೆ ಬಂದಿದ್ದವರಲ್ಲಿ ಒಬ್ಬಳು. ಬಣ್ಣ ಯಾರು ಹಾಕಿದ್ದರೋ.

"ಇದು ತಾನೆ?" ಅಮ್ಮನ ದನಿ ಸಂಕೋಚದಿಂದ ಸಣ್ಣದಾಯಿತು. "ಇಷ್ಟು ನಗ್ತೀನೇನೇ ನಾನು?"

ಗೋಂದಣ್ಣ ಬಾಯಿ ತೆರೆದ. ಅವಳು ಅವನತ್ತ ನೋಡಿದಳು. ಅವನು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ.

"ಹೂಂ," ಎಂದಳು.

ಮನೇಲಿ ತಲೆಯೆತ್ತಿ ನೋಡೋದಿಲ್ಲ, ಆದರೂ ಎಷ್ಟು ಗಮನಿಸಿದ್ದಾಳೆ ನೋಡಿ ಎಂದು ಅಮ್ಮ ಯಜಮಾನರಿಗೆ ಹೇಳುತ್ತಿದ್ದಳು. ಯಜಮಾನರು ಇಂಥ ಕೈ ತಮ್ಮಲ್ಲಿ ಇನ್ನೊಂದಿಲ್ಲ ಎಂದರು. ಅದು ನಿಜವೇ ಆಗಿತ್ತು.

ಗಾಜು ಇಳಿಯಿತು. ಮೂಲೆಗಳಿಗೆ ಅಂಟು ಬಿತ್ತು.

ಅಮ್ಮ ಅಲ್ಲಿಂದ ಕದಲಲಿಲ್ಲ. ಬೆಂಚಿನ ಮೇಲೆ ನಗುವವಳನ್ನು ನೋಡುತ್ತ ಗಾಜಿಗೆ ಹತ್ತಿರ ಹತ್ತಿರ ಬಾಗಿದಳು. ಮಗಳು ಹಿಂದೆ ನಿಂತಿದ್ದಳು. ಗಾಜಿನಲ್ಲಿ ಅಮ್ಮನ ಮುಖ ಬಿದ್ದಿರಬೇಕು. ಕೋಟಿನ ಭುಜ ಅಡ್ಡವಿತ್ತು. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಕಾಣುತ್ತಿತ್ತು. ಅವಳು ಕೋಟಿನ ಕಾಲರು ಜಾರಿದ್ದ ಕತ್ತನ್ನು ನೋಡಿದಳು. ಕಂದು, ಅದರಲ್ಲಿ ನೇರಳೆಯ ಒಂದು ಹನಿ. ಬಣ್ಣ ಸರಿಯಾಗಿತ್ತು.

ಯಜಮಾನರು ಗುಂಡಿ ಒತ್ತಿದರು. ನಿಲ್ದಾಣದೊಳಗಿನ ಪುಟ್ಟ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮುಚ್ಚಿದ ಟಿಕೆಟ್ ಕಿಟಕಿಯ ಅಡಿಯಲ್ಲಿ ಬೆಳಕಿನ ಒಂದು ಗೆರೆ ಮೂಡಿತು, ಒಳಗೆ ಯಾರೋ ಬಂದು ಕೂತಂತೆ. ಹೆಂಗಸು ಚೀಲ ಹಿಡಿದು, ಬಲ ಭುಜ ಇಳಿಸಿಕೊಂಡು ಕಾಯುತ್ತಿದ್ದಳು.